ಕರಕಲ್ಲಾನೋ ಎಲಗಬಾಲಸನೋ: ಮೂರು ವಾರದ ಗುದ್ದಾಟ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಲೂಪ್ (ಭೂತಗನ್ನಡಿ) ಕೆಳಗಿಟ್ಟೆ. ನಾಣ್ಯದ ಮೇಲಿರುವ ರೋಮನ್ ಚಕ್ರವರ್ತಿ ಕರಕಲ್ಲಾ ಅಲ್ಲ, ಎಲಗಬಾಲಸ್!

2.9 ಗ್ರಾಂ ತೂಕ, 19 ಮಿ.ಮೀ. ಅಗಲದ ಮಾಮೂಲಿ ದಿನಾರಿಯಸ್, ಅಂದರೆ ರೋಮನ್ ಬೆಳ್ಳಿ ನಾಣ್ಯ. ವ್ಯಾಪಾರಿ ಲಕೋಟೆಯ ಮೇಲೆ ‘ಕರಕಲ್ಲಾ’ ಎಂದು ಬರೆದು ಕಳಿಸಿದ್ದರು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಾದರೂ ಹಾಕಬೇಕಿತ್ತು. ಫೋಟೋದಲ್ಲಿ ಎಡ ಅಂಚು ನೆರಳಲ್ಲಿತ್ತು. ಕೈಗೆ ಬಂದಮೇಲೆ ನೋಡಿದರೆ ಅಚ್ಚು ವಾರೆಯಾಗಿ ಬಿದ್ದು ಬರಹದ ಮೊದಲ ಅಕ್ಷರಗಳೇ ಬಿಲ್ಲೆಯಿಂದಾಚೆ ಹೋಗಿವೆ. ಉಳಿದದ್ದು ‘ಆಂಟೋನಿನಸ್ ಪಿಯುಸ್ ಆಗ್’ ಅಷ್ಟೇ (‘ಆಗ್’ ಎಂದರೆ ಆಗಸ್ಟಸ್, ಚಕ್ರವರ್ತಿಯ ಬಿರುದು).

ತೊಡಕು ಇಲ್ಲೇ. ಕರಕಲ್ಲಾ ಕೊಲೆಯಾದದ್ದು ಕ್ರಿ.ಶ. 217ರಲ್ಲಿ. ಮರುವರ್ಷ ಜೂಲಿಯಾ ಮೇಸಾ ತನ್ನ ಮೊಮ್ಮಗ ಎಲಗಬಾಲಸನನ್ನು ಕರಕಲ್ಲಾನ ಮಗನೆಂದೇ ಸಿರಿಯಾದ ಸೈನಿಕರ ಮುಂದೆ ನಿಲ್ಲಿಸಿದಳು. ಹುಡುಗನಿಗೆ ಕರಕಲ್ಲಾನದೇ ಆಂಟೋನಿನಸ್ ಎಂಬ ಹೆಸರೂ ಬಂತು. ‘ಪಿಯುಸ್’ ಇರುವ ಅವನ ನಾಣ್ಯಗಳಲ್ಲಿ ಮೊದಲಿಗೆ ‘ಇಂಪ್’ (ಇಂಪರೇಟರ್) ಇರುತ್ತದೆ, ಕರಕಲ್ಲಾನ ಅಂಥವುಗಳಲ್ಲಿ ಇರುವುದಿಲ್ಲ. ನನ್ನದರಲ್ಲಿ ಹಾರಿಹೋಗಿರುವುದು ಆ ಜಾಗವೇ. ಮುಖ ನೋಡಿ ಹೇಳೋಣವೆಂದರೆ ಕೆನ್ನೆಯ ಮೇಲಿರುವುದು ಚಿಗುರು ಗಡ್ಡವೋ ಸವೆತದ ಗೀರೋ ತಿಳಿಯದು.

ಹಿಂಬದಿಯಲ್ಲಿ ಬಲಗೈ ಎತ್ತಿ, ಎಡಗೈಯಲ್ಲಿ ಚಾಟಿ ಹಿಡಿದ ಸೂರ್ಯದೇವ. ಸೂರ್ಯನನ್ನು ಇಬ್ಬರೂ ಅಚ್ಚು ಹಾಕಿಸಿದ್ದಾರೆ. ಸುತ್ತಲಿನ ಬರಹದ ಮೇಲೆ ಸಿಲ್ವರ್ ಕ್ಲೋರೈಡಿನ ಬೂದು ಪದರ. ಅದನ್ನು ಕರಗಿಸಲು ಹೈಪೋ (ಸೋಡಿಯಂ ಥಯೋಸಲ್ಫೇಟ್) ತರಿಸಿದೆ. ಮೊದಲ ಪೊಟ್ಟಣ ಒದ್ದೆಯಾಗಿ ಕಲ್ಲುಸಕ್ಕರೆಯ ಗಟ್ಟಿಯಂತೆ ಬಂತು, ಬದಲಿಸಿಕೊಡಲು ಅಂಗಡಿಯವರು ಎಂಟು ದಿನ ಸತಾಯಿಸಿದರು. ನಾಣ್ಯ ಶುಚಿಮಾಡುವವನ ಎಂಟು ದಿನ ಎಂಥವೆಂದು ನಿಮಗೆ ಗೊತ್ತೇ ಇದೆ.

ನಾಲ್ಕನೇ ಸಲ ಅದ್ದಿ, ತೊಳೆದು, ಬಿದಿರುಕಡ್ಡಿಯ ತುದಿಯಿಂದ ತಳ್ಳಿದಾಗ ಎಡಗಡೆ ‘ಪಿ ಎಂ’ ಮೂಡಿತು. ಬಲಗಡೆ ‘ಕಾಸ್’ (ಕಾನ್ಸಲ್), ಅದರ ಮುಂದೆ ಮೂರೇ ಗೀಟು, ಅಂದರೆ ಮೂರನೇ ಸಲದ ಕಾನ್ಸಲ್, ಆಮೇಲೆ ‘ಪಿ ಪಿ’ (ರಾಷ್ಟ್ರಪಿತ). ಕುರ್ಚಿಯಿಂದ ಎದ್ದುಬಿಟ್ಟೆ.

‘ಪಿ ಎಂ’ ಎಂದರೆ ಪೊಂಟಿಫೆಕ್ಸ್ ಮ್ಯಾಕ್ಸಿಮಸ್, ಪ್ರಧಾನ ಪುರೋಹಿತ. 211ರ ಫೆಬ್ರವರಿಯಲ್ಲಿ ಕರಕಲ್ಲಾನ ಅಪ್ಪ ಸೆವೆರಸ್ ಸಾಯುವ ತನಕ ಆ ಬಿರುದು ಅಪ್ಪನದು. ಅಲ್ಲಿಯವರೆಗೆ ಕರಕಲ್ಲಾನ ನಾಣ್ಯದಲ್ಲಿ ಬರೀ ‘ಪೊಂಟಿಫ್’ (ಪುರೋಹಿತ). ಅಪ್ಪ ಸತ್ತಮೇಲೆ ಮೂರನೇ ಕಾನ್ಸಲ್‌ಗಿರಿಯ 211, 212ರಲ್ಲಿ ಅವನು ‘ಪಿ ಎಂ’ ಹಾಕಿಸಿದ್ದು ನಿಜ. ಆದರೆ ಆಗ ಮುಂಬದಿಯ ಬರಹ ‘ಬ್ರಿಟ್’ (ಬ್ರಿಟಾನಿಕಸ್) ಎಂದು ಮುಗಿಯುತ್ತದೆ. ನನ್ನದರಲ್ಲಿ ‘ಆಗ್’ ಆದಮೇಲೆ ಬೋಳು ಬೆಳ್ಳಿ. ಸವೆದು ಅಳಿಸಿದ್ದಲ್ಲ, ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ. ಮೂರು ಗೀಟಿನ ಕರಕಲ್ಲಾಗೆ ಇದು ಹೊಂದುವುದಿಲ್ಲ. ಎಲಗಬಾಲಸನಿಗೆ ಸರಿಯಾಗಿ ಕೂರುತ್ತದೆ. ಇಷ್ಟು ದಿನ ಮುಖವನ್ನೇ ನೋಡುತ್ತ ಕೂತಿದ್ದೆ, ಉತ್ತರವಿದ್ದದ್ದು ಖಾಲಿ ಜಾಗದಲ್ಲಿ. ಐದನೇ ಸಲಕ್ಕೆ ಸೂರ್ಯನ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಗಾತ್ರದ ನಕ್ಷತ್ರವೂ ಕಣ್ಣುಬಿಟ್ಟಿತು. ಎಲಗಬಾಲಸನ ಗುರುತು!

ಮುಂದಿನ ಕೆಲಸ ಆಗಸ್ಟಸನ ಗಾಯಸ್–ಲೂಸಿಯಸ್ ದಿನಾರಿಯಸ್. ಗುರಾಣಿ, ಈಟಿಗಳನ್ನು ನಡುವಿಟ್ಟುಕೊಂಡು ನಿಂತ ಇಬ್ಬರು ಹುಡುಗರು, ಆಗಸ್ಟಸನ ದತ್ತುಮಕ್ಕಳು. ದಕ್ಷಿಣ ಭಾರತದ ನಿಧಿಗಳಲ್ಲಿ ಹೇರಳವಾಗಿ ಸಿಕ್ಕಿರುವ ಬಗೆ. ನಮ್ಮ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ಸಿಕ್ಕಿತ್ತಲ್ಲ, ಅಂದಿನಿಂದ ಈ ಹುಡುಗರ ಮೇಲೆ ನನಗೊಂದು ಕಣ್ಣು ಎನ್ನಲಾರೆ, ಓದಿದಂದಿನಿಂದ ಎನ್ನಬಹುದು.

ಅದಕ್ಕೆ ಮೊದಲು ಇದರ ವರ್ಷ ಗೊತ್ತಾಗಬೇಕು. ಆಳ್ವಿಕೆಯ ವರ್ಷ ಎಣಿಸುವ ‘ಟಿಆರ್ ಪಿ’ (ಟ್ರಿಬ್ಯೂನ್ ಅಧಿಕಾರ) ಮುಂದೆ ಮೂರು ಗೀಟಿದ್ದರೆ 220, ನಾಲ್ಕಿದ್ದರೆ 221. ಆ ಅಂಕಿ ಇನ್ನೂ ಸೂರ್ಯನ ತಲೆಯ ಹತ್ತಿರ ಪದರದಡಿ ಇದೆ. ನಾಣ್ಯ ಈಗ ಆರನೇ ಸಲ ಬಟ್ಟಲಲ್ಲಿದೆ.