ಚಳಿ ಇಲ್ಲ ಅಂತಾರೆ, ಆದ್ರೂ ನಡುಗ್ತಾರೆ

ಕೆಳಮೈ ಮರಗಟ್ಟಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಶುರುವಾದ ಸ್ವಲ್ಪ ಹೊತ್ತಿಗೇ ಗದ್ದ, ತೋಳು ಗಡಗಡ. ಕಾಸರಗೋಡಿನಲ್ಲಿ ಒಂದೇ ಪ್ರಶ್ನೆಯನ್ನು ಮೂರು ಭಾಷೆಯಲ್ಲಿ ಕೇಳಬೇಕು: ಚಳಿ ಆಗ್ತದಾ, ಚಳಿ ಆಪುಂಡಾ, ತಣುಪ್ಪುಂಡೋ? ಎಷ್ಟೋ ಸಲ ಮೂರಕ್ಕೂ ಉತ್ತರ "ಇಲ್ಲ". ಆ ಮಾತು ಸುಳ್ಳಲ್ಲ, ನಂಬಿ ಕೂರುವಂಥದ್ದೂ ಅಲ್ಲ. ಮರಗಟ್ಟಿದ ಭಾಗದಲ್ಲಿ ರಕ್ತನಾಳ ಹಿಗ್ಗಿ, ಒಡಲ ಬಿಸಿ ಕಾಲಿಗೆ ಇಳಿಯುತ್ತದೆ. ಕಾಲು ಬೆಚ್ಚಗೆ, ಒಳಮೈ ತಣ್ಣಗೆ. ಮೊದಲ ಒಂದು ಗಂಟೆಯೊಳಗೆ 0.5ರಿಂದ 1 ಡಿಗ್ರಿ ಇಳಿಯಬಹುದು. ಕೆಳಗಿನ ಸ್ನಾಯುಗಳು ನಡುಗಲಾರವು, ಹಾಗಾಗಿ ಕೆಲಸವೆಲ್ಲ ಮೇಲಿನವುಗಳ ಪಾಲಿಗೆ.

ಹಾಗಾಗಿ ಸೂಜಿ ಚುಚ್ಚುವ ಮೊದಲೇ ಮೈಗೆ ಬಿಸಿ ಬೇಕು. ಬಿಸಿಗಾಳಿಯ ಹೊದಿಕೆ ಇದ್ದರೆ ಕನಿಷ್ಠ 15 ನಿಮಿಷ ಮುಂಚೆಯೇ ಹಾಕಿ. ಕಾಲು ಮೊದಲೇ ಬೆಚ್ಚಗಿದ್ದರೆ ಒಡಲ ಬಿಸಿ ಅಲ್ಲಿಗೆ ಓಡುವುದು ಕಡಿಮೆ. ಬರೀ ಹತ್ತಿಯ ಕಂಬಳಿ ಬಿಸಿ ಕೊಡುವುದಿಲ್ಲ, ಇದ್ದದ್ದು ಹೋಗುವುದನ್ನು ತಡೆಯುತ್ತದೆ ಅಷ್ಟೆ. ಜೂನ್ ಮಳೆಯಲ್ಲಿ ಮುಳ್ಳೇರಿಯದಿಂದಲೋ ಬದಿಯಡ್ಕದಿಂದಲೋ ನೆನೆದು ಬಂದವರ ಬಟ್ಟೆ ಬದಲಿಸಿ, ತಲೆ ಒರೆಸಿ ಒಳಗೆ ತನ್ನಿ. ಬೆನ್ನು ಒರೆಸಿದ ಔಷಧಿ ಕೆಳಗಿನ ಬಟ್ಟೆಗೆ ಇಳಿದು ಒದ್ದೆ ಮಾಡುತ್ತದೆ, ಅದನ್ನೂ ತೆಗೆಯಿರಿ. ಗೌನು ಹಾಕಿದ ಸರ್ಜನ್ನರಿಗೆ 18 ಡಿಗ್ರಿ ಎಸಿ ಹಿತ. ಮಗು ಹೊರಬರುವವರೆಗಾದರೂ 23 ಇರಲಿ, ಗೊಣಗಲಿ.

ಡ್ರಿಪ್ ಕೂಡ ಬೆಚ್ಚಗಿರಬೇಕು. ಕೋಣೆಯ ತಾಪದ ಒಂದು ಲೀಟರ್ ದ್ರವ ಮೈಯನ್ನು ಸುಮಾರು 0.25 ಡಿಗ್ರಿ ಇಳಿಸುತ್ತದೆ. ನಿಧಾನ ಹನಿಯಾದರೆ ಬೆಚ್ಚಗಿನ ಬಾಟಲಿಯೂ ಟ್ಯೂಬಿನಲ್ಲೇ ಆರುತ್ತದೆ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಮಾತ್ರ ಬೇಡವೇ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ, ಸಂಜೆ ಬೊಬ್ಬೆ ಏಳುತ್ತದೆ.

ಔಷಧಿಯಲ್ಲಿ, ಮರಗಟ್ಟಿಸುವ ಬುಪಿವಕೇನಿನ ಜೊತೆ ಬೆನ್ನಿಗೇ 10ರಿಂದ 15 ಮೈಕ್ರೋಗ್ರಾಂ ಫೆಂಟನಿಲ್ ಎಂಬ ನೋವುನಿವಾರಕ ಸೇರಿಸಿದರೆ ನಡುಕ ಕಡಿಮೆ. ಶುರುವಾದ ಮೇಲೆ ಪೆಥಿಡಿನ್ 25 ಮಿ.ಗ್ರಾಂ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದು ಅಮಲಿನ ಔಷಧಿ, ಬೀಗ, ರಿಜಿಸ್ಟರ್ ಎಲ್ಲ ಬೇಕು. ಇನ್ನೊಂದು ನೋವುನಿವಾರಕ ಟ್ರಮಡಾಲ್, ಮೈತೂಕದ ಕೆಜಿಗೆ 0.5 ಮಿ.ಗ್ರಾಂ, ನಿಧಾನವಾಗಿ, ಗಡಿಬಿಡಿಯಲ್ಲಿ ತಳ್ಳಿದರೆ ವಾಂತಿ. ಫಿಟ್ಸ್ ಇದ್ದವರಿಗೆ, ಖಿನ್ನತೆಯ ಮಾತ್ರೆ ನುಂಗುವವರಿಗೆ ಅದು ಬೇಡ. ಸಿಸೇರಿಯನ್ನಿನಲ್ಲಿ ಪೆಥಿಡಿನ್, ಟ್ರಮಡಾಲ್ ಎರಡೂ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ.

ನಡುಗುವ ಕೈಯ ಬಿಪಿ ಅಂಕಿ ನಂಬಬೇಡಿ, ನಾಡಿ ಹಿಡಿದು ನೋಡಿ. ಆಮ್ಲಜನಕದ ಬೇಡಿಕೆ ಏರಿರುತ್ತದೆ, ಮಾಸ್ಕ್ ಹಾಕಿ. ಆ ಹೊತ್ತಿಗೆ ರಕ್ತ ಏರಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ರಕ್ತದ ಚೀಲದ ಚೀಟಿ ಓದಿ: ಹೊಂದದ ರಕ್ತಕ್ಕೂ ಮೈ ನಡುಗುತ್ತದೆ.