ಪಂಕ್ ತಂಡಗಳು ಹೊದಿಕೆಯ ಮೇಲೆ ಬರೆದ ಲೆಕ್ಕ

ಸಣ್ಣದೊಂದು ಕನ್ನಡ ಪ್ರಕಾಶನದಲ್ಲಿ ಕರಡು ತಿದ್ದುವುದರಿಂದ ಹಿಡಿದು ಪುಸ್ತಕದ ಕಟ್ಟುಗಳನ್ನು ಅಂಗಡಿಗಳಿಗೆ ರವಾನಿಸುವವರೆಗಿನ ಕೆಲಸ ನನ್ನದು. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಹಬ್ಬಿದ ರಾಕ್ ಪ್ರಕಾರವಾದ ಪಂಕ್ ಸಂಗೀತದಿಂದ ಪ್ರಕಾಶಕರು ಕಲಿಯಬೇಕೆಂಬ ಮಾತು ಬಂದಾಗಲೆಲ್ಲ ಹರಿದು ಅಂಟಿಸಿದ ಅಕ್ಷರಗಳ ಮುಖಪುಟ, ಬಂಡಾಯದ ಧಾಟಿ ಇವೇ ಮುಂದೆ ಬರುತ್ತವೆ. ನನಗೆ ಒದಗಿದ್ದು ಮಾತ್ರ ಆ ಸಂಗೀತಗಾರರು ಇಟ್ಟ ಲೆಕ್ಕ, ಮತ್ತು ಅದನ್ನು ಎಲ್ಲರಿಗೂ ತೆರೆದು ತೋರಿಸಿದ ಕ್ರಮ.

1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡವು ಬಂಧುಮಿತ್ರರಿಂದ ಸುಮಾರು 500 ಪೌಂಡ್ ಸಾಲ ಪಡೆದು, ನಾಲ್ಕು ಹಾಡುಗಳ ಧ್ವನಿಮುದ್ರಿಕೆಯೊಂದರ 1,000 ಪ್ರತಿಗಳನ್ನು ತಾನೇ ಹೊರತಂದಿತು. ಯಾವ ಹಾಡು ಎಷ್ಟನೆಯ ಯತ್ನದಲ್ಲಿ ಧ್ವನಿಮುದ್ರಣವಾಯಿತೆಂಬುದನ್ನೂ ಮುದ್ರಿಕೆಯ ಹೊದಿಕೆಯ ಮೇಲೆ ನಮೂದಿಸಿತು. ಅದೇ ವರ್ಷ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಂಡವು ತನ್ನ ಮೊದಲ ಮುದ್ರಿಕೆಗೆ 153 ಪೌಂಡ್ ತಗುಲಿತೆಂದು ಎರಡನೆಯದರ ಹೊದಿಕೆಯಲ್ಲಿ ತಿಳಿಸಿತು. 1978ರಲ್ಲಿ ಸ್ಕ್ರಿಟಿ ಪೊಲಿಟಿ ತಂಡವು ಸ್ಟುಡಿಯೋ ಬಾಡಿಗೆ, ಮಾಸ್ಟರಿಂಗ್ (ಧ್ವನಿಮುದ್ರಣವನ್ನು ಅಚ್ಚಿಗೆ ಸಜ್ಜುಗೊಳಿಸುವುದು), ಅಚ್ಚು, ಲೇಬಲ್ ಇವುಗಳ ಖರ್ಚನ್ನು ಬಾಬ್ತುವಾರು ಪ್ರಕಟಿಸಿತು. ಅದನ್ನು ಓದಿದವರು ಮರುದಿನವೇ ಅದೇ ಕೆಲಸಕ್ಕೆ ಕೈಹಾಕಬಹುದಿತ್ತು.

ನಮ್ಮಲ್ಲಿ ಲೇಖಕರಿಗೆ ಒಂದಿಷ್ಟು ಗೌರವ ಪ್ರತಿಗಳನ್ನು ಕೊಟ್ಟು ವ್ಯವಹಾರ ಮುಗಿಸುವ ರೂಢಿ ಇನ್ನೂ ಉಳಿದಿದೆ. ಎಷ್ಟು ಪ್ರತಿ ಅಚ್ಚಾಯಿತೆಂದು ಕೇಳುವುದೇ ಅವಿನಯವೆನ್ನಿಸುತ್ತದೆ. ನಮ್ಮ ಪ್ರಕಾಶನದಲ್ಲಿ ಈಗ ಪುಟವಿನ್ಯಾಸ, ಕಾಗದ, ಮುದ್ರಣ, ಬೈಂಡಿಂಗ್, ಮಾರಾಟಗಾರರ ರಿಯಾಯಿತಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಒಪ್ಪಂದಕ್ಕೆ ಮೊದಲೇ ಲೇಖಕರ ಕೈಗೆ ಕೊಡುತ್ತೇವೆ; ಖರ್ಚು ಕಳೆದು ಉಳಿದದ್ದರಲ್ಲಿ ಇಬ್ಬರಿಗೂ ಸಮಪಾಲು. ಈ ಸಮಪಾಲಿನ ಕ್ರಮವನ್ನು ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಲಂಡನ್ನಿನ ರಫ್ ಟ್ರೇಡ್ ಸಂಸ್ಥೆ ತನ್ನ ತಂಡಗಳೊಂದಿಗೆ ಪಾಲಿಸುತ್ತಿತ್ತು. ಹಾಳೆ ಕೈಸೇರಿದ ಮೇಲೆ ಲೇಖಕರ ಪ್ರಶ್ನೆಗಳೇ ಬದಲಾದವು: ಗೌರವಧನ ಯಾವಾಗ ಬರುತ್ತದೆ ಎನ್ನುತ್ತಿದ್ದವರು, ಚಿತ್ರಪುಟಗಳನ್ನು ಕೈಬಿಟ್ಟರೆ ಬೆಲೆ ಎಷ್ಟು ಇಳಿದೀತು ಎಂದು ವಿಚಾರಿಸತೊಡಗಿದರು.

ವಿತರಣೆಯ ಪಾಠ ಇದಕ್ಕಿಂತ ಕಠಿಣವಾದುದು. 1976ರಲ್ಲಿ ಜೆಫ್ ಟ್ರಾವಿಸ್ ಧ್ವನಿಮುದ್ರಿಕೆಗಳ ಅಂಗಡಿಯಾಗಿ ಆರಂಭಿಸಿದ ರಫ್ ಟ್ರೇಡ್, ಮುಂದೆ ಯಾರ್ಕಿನ ರೆಡ್ ರೈನೋ, ಬ್ರಿಸ್ಟಲಿನ ರಿವಾಲ್ವರ್, ಲಿವರ್‌ಪೂಲಿನ ಪ್ರೋಬ್ ಮುಂತಾದ ಇತರ ಊರುಗಳ ಅಂಥವೇ ಸಂಸ್ಥೆಗಳೊಡನೆ ಸೇರಿ ‘ಕಾರ್ಟೆಲ್’ ಎಂಬ ವಿತರಣಾ ಜಾಲವನ್ನು ಕಟ್ಟಿತು. ಆದ್ದರಿಂದ ಒಂದು ಊರಿನ ಮುದ್ರಿಕೆ ದೊಡ್ಡ ಕಂಪನಿಗಳ ನೆರವಿಲ್ಲದೆ ಇನ್ನೊಂದು ಊರಿಗೆ ತಲುಪುತ್ತಿತ್ತು. ನಾವು ಸಣ್ಣ ಪ್ರಕಾಶಕರೋ, ಧಾರವಾಡಕ್ಕೂ ಕಲಬುರಗಿಗೂ ಒಬ್ಬೊಬ್ಬರೇ ನಾಲ್ಕೈದು ಪ್ರತಿಗಳ ಕಟ್ಟು ಕಳುಹಿಸಿ, ಬಾಕಿಗಾಗಿ ಒಬ್ಬೊಬ್ಬರೇ ಫೋನು ಮಾಡುತ್ತೇವೆ.

ಆದರೆ 1991ರಲ್ಲಿ ರಫ್ ಟ್ರೇಡ್‌ನ ವಿತರಣಾ ಸಂಸ್ಥೆ ಕುಸಿದಾಗ, ಅದನ್ನೇ ನೆಚ್ಚಿದ್ದ ಸಣ್ಣ ಸಂಸ್ಥೆಗಳಿಗೆ ಬರಬೇಕಾದ ಹಣವೂ ಸಿಕ್ಕಿಕೊಂಡಿತು. ಹಾಗಾಗಿ ಇನ್ನೆರಡು ಪ್ರಕಾಶನಗಳೊಡನೆ ನಾವು ಮಾಡಿಕೊಂಡಿರುವ ಏರ್ಪಾಟಿನಲ್ಲಿ ಗೋದಾಮು ಮತ್ತು ಸಾಗಣೆ ಮಾತ್ರ ಒಟ್ಟಾಗಿವೆ. ಅಂಗಡಿಯ ಹಣ ಆಯಾ ಪ್ರಕಾಶಕರ ಖಾತೆಗೇ ನೇರವಾಗಿ ಹೋಗುತ್ತದೆ.