ದೋಣಿಯವನ ಕೈಗೆ ಸುತ್ತಿದ್ದ ಬಟ್ಟೆ

"ದೋಣಿ ಹತ್ತೋಣ" ಅಂದಳು ಕಳ್ಳಿ. ಉಳಿದ ಮೂವರೂ ಹೂಂಗುಟ್ಟಿದರು. ಎದುರಿಗೆ ಅಡ್ಡ ಇಟ್ಟುಕೊಂಡಿದ್ದ ರಟ್ಟಿನ ಪರದೆಯ ಹಿಂದೆ ನಾನು ನನ್ನ ಹಾಳೆ ನೋಡಿದೆ. ಒಂದರ ಕೆಳಗೊಂದು ಒಂಬತ್ತು ದೃಶ್ಯ ಬರೆದಿಟ್ಟಿದ್ದೆ. ಯಾವುದರಲ್ಲೂ ದೋಣಿ ಪ್ರಯಾಣ ಇರಲಿಲ್ಲ. ದ್ವೀಪ ಅಂತೂ ಇರಲೇ ಇಲ್ಲ. ಆಟ ಶುರುವಾಗಿ ಎರಡು ಗಂಟೆ ಆಗಿತ್ತು, ನಾವಿನ್ನೂ ಎರಡನೇ ದೃಶ್ಯದಲ್ಲೇ ಇದ್ದೆವು.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ಕೂತು ಎಲ್ಲರೂ ಸೇರಿ ಕಥೆ ಕಟ್ಟುವ ಆಟ ಇದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದು ಜನಕ್ಕೆ ಗೊತ್ತಾಯಿತು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಾತ್ರ. ಅವತ್ತು ನಮ್ಮ ಮೇಜಿನಲ್ಲಿ ಕಳ್ಳಿ, ಸೈನಿಕ, ಪೂಜಾರಿ, ಮಾಂತ್ರಿಕ ಅಂತ ನಾಲ್ಕು ಪಾತ್ರ. ಉಳಿದದ್ದೆಲ್ಲ ಆಟ ನಡೆಸುವ ಗೇಮ್ ಮಾಸ್ಟರ್ ಪಾಲು, ಅವತ್ತು ಅದು ನಾನು: ಊರು, ಊರಿನ ಜನ, ಮಳೆ, ಗಾಳಿ. ಪಾತ್ರ ಏನು ಮಾಡಬೇಕು ಅನ್ನೋದು ಆಟಗಾರನಿಗೆ ಬಿಟ್ಟದ್ದು. ಮಾಡಲು ಹೊರಟದ್ದು ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ಡ್ರ್ಯಾಗನ್ ಜೊತೆ ಹೊಡೆದಾಡುವ ಕಥೆಯಾದರೆ ಕೆಲಸ ಸಲೀಸು. ಡ್ರ್ಯಾಗನ್ ಎದುರಿಗೇ ಇರುತ್ತೆ, ಎಲ್ಲರಿಗೂ ಕಾಣುತ್ತೆ. ಕೊಲೆ ಮಾಡಿದ್ದು ಯಾರು ಅಂತ ಹುಡುಕುವ ಕಥೆ ಹಾಗಲ್ಲ. ಅಲ್ಲಿ ಆಟಗಾರರ ಕೈಯಲ್ಲಿ ಇರೋದು ನನ್ನ ಬಾಯಿಂದ ಬಂದ ಮಾತು ಮಾತ್ರ.

ಅವತ್ತಿನ ಕಥೆ ಒಂದು ಬಂದರಿನಲ್ಲಿ ನಡೆಯುತ್ತೆ. ದೀಪಸ್ತಂಭದ ಕಾವಲುಗಾರ ಮೆಟ್ಟಿಲ ಕೆಳಗೆ ಸತ್ತುಬಿದ್ದಿದ್ದಾನೆ. ಅದೇ ರಾತ್ರಿ ದೀಪ ಆರಿ, ಹಡಗೊಂದು ಬಂಡೆಗೆ ಬಡಿದು ಒಡೆದಿದೆ. ನಿಜ ಏನಂದ್ರೆ, ಬಂದರಿನ ಲೆಕ್ಕದ ಗುಮಾಸ್ತ ದೀಪದ ಎಣ್ಣೆ ಕದ್ದು ಮಾರುತ್ತಿದ್ದ. ಕಚೇರಿ ಲೆಕ್ಕದಲ್ಲಿ ತಿಂಗಳಿಗೆ 20 ಪೀಪಾಯಿ. ಕಾವಲುಗಾರನ ಕೈಗೆ ಬರುತ್ತಿದ್ದದ್ದು 12. ಆ ರಾತ್ರಿ ಎಣ್ಣೆ ಮುಗಿದು ದೀಪ ಆರಿತು. ದೂರು ಹೇಳಲು ಹೊರಟ ಕಾವಲುಗಾರನನ್ನು ಗುಮಾಸ್ತ ಕತ್ತಲಲ್ಲಿ ಹಿಂದಿನಿಂದ ತಳ್ಳಿದ. ಆಟ ಶುರು ಮಾಡುವ ಮೊದಲೇ ನಾಲ್ವರಿಗೂ ಒಂದು ಮಾತು ಕೊಟ್ಟಿದ್ದೆ. ಈ ಕೊಲೆಗೆ ಒಂದೇ ಉತ್ತರ ಇದೆ, ಮಧ್ಯದಲ್ಲಿ ಅದನ್ನು ಬದಲಾಯಿಸೋದಿಲ್ಲ ಅಂತ.

ಮೊದಲ ದೃಶ್ಯ ಚೆನ್ನಾಗೇ ನಡೆಯಿತು. ಗುಮಾಸ್ತ ಗೊಂಚಲಿನಿಂದ ಬೀಗದ ಕೈ ಹುಡುಕಿ ದೀಪಸ್ತಂಭದ ಬಾಗಿಲು ತೆಗೆದುಕೊಟ್ಟು ಹೋದ. ಇದನ್ನು ನಾನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಅವನೇ ಕೊಲೆಗಾರ ಅಲ್ವಾ, ಅವನ ಮೇಲೆ ಕಣ್ಣು ಬೀಳಬಾರದು ಅನ್ನೋ ಎಚ್ಚರ ನನಗೆ. ದೀಪದ ಕೋಣೆಯಲ್ಲಿ ಹಾಸಿಗೆ ಕೆಳಗೆ ಕಾವಲುಗಾರನ ಲೆಕ್ಕದ ಪುಸ್ತಕ ಸಿಕ್ಕಿತು. ಸೈನಿಕ ಅದನ್ನು ತಿರುವಿ ನೋಡಿ ತನ್ನ ನೋಟ್‌ಬುಕ್ಕಿನಲ್ಲಿ "ಎಣ್ಣೆ, 12 ಪೀಪಾಯಿ" ಅಂತ ಬರೆದುಕೊಂಡ. ಪುಸ್ತಕ ಅಲ್ಲೇ ಬಿಟ್ಟ.

ಆಮೇಲೆ ಹೆಣ ಪರೀಕ್ಷೆ. ಅಂಗಿಯ ಬೆನ್ನಿನ ಮೇಲೆ ನೇರಳೆ ಶಾಯಿ ಮೆತ್ತಿದ ಅಂಗೈ ಗುರುತು ಇತ್ತು. ನನ್ನ ಇಡೀ ಕಥೆ ಅದರ ಮೇಲೆ ನಿಂತಿತ್ತು. ಶಾಯಿ ನೋಡಿದರೆ ಕಚೇರಿಗೆ ಹೋಗುತ್ತಾರೆ, ಕಚೇರಿಗೆ ಹೋದರೆ ಗುಮಾಸ್ತನ ಪುಸ್ತಕ ಸಿಗುತ್ತೆ, ಹೀಗೆ. ಕಳ್ಳಿ ದಾಳ ಉರುಳಿಸಿದಳು. 15 ಬೇಕಿತ್ತು. ಬಿದ್ದದ್ದು 4, ಅವಳ ಕೌಶಲದ 5 ಸೇರಿಸಿದರೆ 9. "ಏನೂ ಕಾಣಲಿಲ್ಲ" ಅಂದೆ. ಅಂದ ಕೂಡಲೇ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು.

ಏನೂ ಕಾಣದವರು ಹೊರಗೆ ಬಂದು ದಕ್ಕೆಯ ಕಡೆ ನಡೆದರು. "ಅಲ್ಲಿ ಯಾರಿದ್ದಾರೆ?" ಅಂತ ಪೂಜಾರಿ ಕೇಳಿದ. ನನ್ನ ಹಾಳೆಯಲ್ಲಿ ಯಾರೂ ಇರಲಿಲ್ಲ. ಜಾಗ ಖಾಲಿ ಅನ್ನಿಸಬಾರದು ಅಂತ ಸುಮ್ನೆ ಒಬ್ಬ ದೋಣಿಯವನನ್ನು ತಂದೆ. "ಹಗ್ಗ ಸುತ್ತುತ್ತಾ ಕೂತಿದ್ದಾನೆ. ಬಲಗೈಗೆ ಬಟ್ಟೆ ಸುತ್ತಿದೆ. ನಿಮ್ಮನ್ನು ನೋಡಿ ಹಾಡು ನಿಲ್ಲಿಸಿದ."

ಮುಗಿಯಿತು. ನಾಲ್ಕು ಪೆನ್ಸಿಲ್ಲೂ ಒಟ್ಟಿಗೆ ಓಡಿದವು.

ಬಟ್ಟೆ ಯಾಕೆ ಸುತ್ತಿದ್ದಾನೆ? ಹಾಡು ಯಾಕೆ ನಿಲ್ಲಿಸಿದ? ಒಂದು ಗಂಟೆ ಹೊತ್ತು ಅವನನ್ನೇ ವಿಚಾರಿಸಿದರು. ನಾನು ಅವನ ಬಾಯಲ್ಲಿ ಉತ್ತರ ಕೊಡಿಸಿದಷ್ಟೂ ಅನುಮಾನ ಜಾಸ್ತಿ ಆಯಿತು. ಕೊನೆಗೆ ಅವನು ಸಾಕಾಗಿ ದೋಣಿ ಬಿಟ್ಟುಕೊಂಡು ಹೊರಟ. ಎಲ್ಲಿಗೆ ಅಂತ ಕೇಳಿದರು. ದೂರದ ಒಂದು ದ್ವೀಪದ ಕಡೆ ಅಂದೆ, ಬಾಯಿಗೆ ಬಂದದ್ದು ಅದು. ಆಗಲೇ ಕಳ್ಳಿ ದೋಣಿ ಹತ್ತೋಣ ಅಂದದ್ದು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ದ್ವೀಪಕ್ಕೆ ಹೋಗದ ಹಾಗೆ ತಡೆಯೋಣ ಅಂತ ಬಿರುಗಾಳಿ ಎಬ್ಬಿಸಿದೆ. ಅಲೆ ಆಳೆತ್ತರ ಏಳುತ್ತಿದೆ, ಈಗ ಹೋಗೋದು ಅಪಾಯ ಅಂದೆ. ಮಾಂತ್ರಿಕ ಕುರ್ಚಿಯಿಂದ ಎದ್ದೇಬಿಟ್ಟ. "ಈಗಷ್ಟೇ ಆಕಾಶ ತಿಳಿಯಾಗಿತ್ತು ಅಂದ್ಯಲ್ಲ? ಈ ಗಾಳಿ ತಾನಾಗಿ ಬಂದದ್ದಲ್ಲ ಕಣೋ. ನಾವು ಆ ದ್ವೀಪಕ್ಕೆ ಹೋಗಬಾರದು ಅಂತ ಯಾರೋ ಮಾಡ್ತಿದ್ದಾರೆ." ಅವನ ಮಾತು ಸರಿಯಾಗಿಯೇ ಇತ್ತು. ಯಾರೋ ಮಾಡ್ತಿದ್ದರು, ಅದು ನಾನು. ಅಡ್ಡ ಹಾಕಿದ ಗೋಡೆಯನ್ನೂ ಅವರು ಸುಳಿವು ಅಂತಲೇ ಓದಿದರು.

ಹತ್ತು ನಿಮಿಷ ವಿರಾಮ ಕೇಳಿದೆ. ಎದ್ದು ಹೋಗುವ ಮೊದಲು ಒಂದು ಪ್ರಶ್ನೆ ಹಾಕಿದೆ. "ನಿಮ್ಮ ಪ್ರಕಾರ ಆ ರಾತ್ರಿ ಏನಾಯಿತು? ಬಿಡಿಸಿ ಹೇಳಿ." ಸೈನಿಕ ನೋಟ್‌ಬುಕ್ ನೋಡಿಕೊಂಡು ಹೇಳಿದ. ದೋಣಿಯವನು ಬೇಕಂತಲೇ ದೀಪ ಆರಿಸಿದ, ಅಡ್ಡ ಬಂದ ಕಾವಲುಗಾರನನ್ನು ತಳ್ಳಿದ, ಆಗ ಕೈಗೆ ಪೆಟ್ಟಾಯಿತು, ಒಡೆದ ಹಡಗಿನ ಸರಕನ್ನು ದ್ವೀಪದಲ್ಲಿ ಬಚ್ಚಿಟ್ಟಿದ್ದಾನೆ. ನಾನು ಬಾಯಿ ಮುಚ್ಚಿ ಕೇಳಿದೆ. ನಾನು ಅಲ್ಲಿವರೆಗೆ ಹೇಳಿದ್ದ ಒಂದೊಂದು ವಿಷಯವೂ ಅದರಲ್ಲಿ ಕೂತಿತ್ತು. ಬಿಟ್ಟುಹೋದದ್ದು ಯಾವುದೂ ಇಲ್ಲ.

ಇವರು ಹಳಿ ತಪ್ಪಿಸುತ್ತಿದ್ದಾರೆ ಅಂತ ಎರಡು ಗಂಟೆಯಿಂದ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆ ಮಾತು ಕೇಳಿದ ಮೇಲೆ ಸಿಟ್ಟು ಪೂರ್ತಿ ಇಳಿಯಿತು. ಅವರು ಪತ್ತೇದಾರಿಕೆಯನ್ನೇ ಮಾಡುತ್ತಿದ್ದರು, ಅದೂ ಶ್ರದ್ಧೆಯಿಂದ. ಕೊಲೆಗಾರನಿಗೆ ಒಂದು ಸಪ್ಪೆ ವಾಕ್ಯ ಕೊಟ್ಟು, ದಾರಿಹೋಕನಿಗೆ ಮೂರು ಕಣ್ಣಿಗೆ ಕಟ್ಟುವ ವಾಕ್ಯ ಕೊಟ್ಟವನು ನಾನು. ಅಂದಮೇಲೆ ಅವರು ಯಾರ ಹಿಂದೆ ಹೋಗಬೇಕು?

ವಿರಾಮದಲ್ಲಿ ಒಂದು ಆಸೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ದೋಣಿಯವನನ್ನೇ ಕೊಲೆಗಾರ ಮಾಡಿಬಿಟ್ಟರೆ ಹೇಗೆ? ಒಂದು ಗಂಟೆಯಲ್ಲಿ ಮುಗಿಯುತ್ತೆ, ಎಲ್ಲರಿಗೂ ಗೆದ್ದ ಖುಷಿ. ಹಾಗೆ ನಡೆಯುವ ಆಟಗಳಿವೆ. ಜೇಸನ್ ಕಾರ್ಡೋವಾ ಅವರ ಬ್ರಿಂಡಲ್‌ವುಡ್ ಬೇ ಆಟದಲ್ಲಿ ಕೊಲೆಗಾರ ಇಂಥವರೇ ಅಂತ ಮೊದಲೇ ಗೊತ್ತಿರೋದಿಲ್ಲ. ಸುಳಿವುಗಳನ್ನು ಜೋಡಿಸಿ ಆಟಗಾರರೇ ಉತ್ತರ ಕಟ್ಟುತ್ತಾರೆ, ಸರಿಯೋ ತಪ್ಪೋ ದಾಳ ಹೇಳುತ್ತೆ. ಚಂದದ ಆಟ ಅದು. ಆದರೆ ಅಲ್ಲಿ ಆ ವಿಷಯ ಮೇಜಿನಲ್ಲಿ ಕೂತ ಎಲ್ಲರಿಗೂ ಮೊದಲೇ ಗೊತ್ತು. ನಾನು ಕೊಟ್ಟ ಮಾತು ಬೇರೆ. ಗುಟ್ಟಾಗಿ ಉತ್ತರ ತಿದ್ದಿದರೆ ಅವರು ತಲೆ ಕೆಡಿಸಿಕೊಂಡದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತೆ. ಅವರಿಗೆ ಗೊತ್ತಾಗದೇ ಇರಬಹುದು, ನನಗೆ ಗೊತ್ತಿರುತ್ತೆ.

ಹಾಳೆ ಮಗುಚಿ ಹಿಂಬದಿಯಲ್ಲಿ ಮೂರು ಸಾಲು ಬರೆದೆ. ಗುಮಾಸ್ತ ಏನು ಮಾಡಿದ. ಅವನಿಗೆ ಈಗ ಏನು ಬೇಕು. ಯಾರೂ ತಡೆಯದಿದ್ದರೆ ಮುಂದೆ ಏನು ಮಾಡುತ್ತಾನೆ. ಒಂಬತ್ತು ದೃಶ್ಯ ಇದ್ದ ಮುಂಬದಿಯನ್ನು ಆಮೇಲೆ ನೋಡಲಿಲ್ಲ.

ಬರೆಯುವಾಗ ಒಂದು ಪ್ರಶ್ನೆ ಎದ್ದಿತು. ತಿಂಗಳಿಗೆ ಎಂಟು ಪೀಪಾಯಿ ಎಣ್ಣೆಯನ್ನು ಗುಮಾಸ್ತ ಒಬ್ಬನೇ ಹೊತ್ತು ಮಾರಿದನಾ? ಸಾಧ್ಯವಿಲ್ಲ. ಯಾರೋ ಸಾಗಿಸಿರಬೇಕು, ಎಲ್ಲೋ ಇಟ್ಟಿರಬೇಕು. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಆಟಗಾರರು ಅಲ್ಲಿಗೇ ಬಂದು ನಿಂತಿದ್ದರು. ದೋಣಿಯವನು ಕೂಲಿಗೆ ಪೀಪಾಯಿ ಸಾಗಿಸಿದವನು ಅಂತ ಬರೆದೆ. ಹಗ್ಗ ಜಾರಿ ಅಂಗೈ ಕಿತ್ತುಹೋಗಿದೆ. ಕೊಲೆ ವಿಷಯ ಅವನಿಗೆ ಗೊತ್ತಿಲ್ಲ. ಹೀಗೆ ಬರೆದದ್ದರಿಂದ ಮೊದಲು ಇಟ್ಟುಕೊಂಡಿದ್ದ ನಿಜದ ಒಂದು ಅಕ್ಷರವೂ ಬದಲಾಗಲಿಲ್ಲ.

ಬಿರುಗಾಳಿ ನಿಂತಿತು ಅಂದೆ. ಅವರು ದ್ವೀಪಕ್ಕೆ ಹೋದರು. ಬಂಡೆಗಳ ನಡುವೆ ಟಾರ್ಪಾಲಿನ ಕೆಳಗೆ ಬಂದರಿನ ಮುದ್ರೆ ಇದ್ದ ಪೀಪಾಯಿಗಳು. ಈ ಸಲ ದಾಳ ಕೇಳಲಿಲ್ಲ. "ಎಷ್ಟಿವೆ?" ಅಂತ ಕಳ್ಳಿ ಕೇಳಿದಳು. "ಎಂಟು." ಸೈನಿಕ ನೋಟ್‌ಬುಕ್ಕಿನ ಪುಟ ಹಿಂದಕ್ಕೆ ತಿರುಗಿಸಿದ. 12 ಅಂತ ಬರೆದಿದ್ದ ಕಡೆ ಪೆನ್ಸಿಲ್ ನಿಂತಿತು. "ಹಡಗಿನ ಸರಕಲ್ಲ ಇದು, ದೀಪದ ಎಣ್ಣೆ" ಅಂದ, ಮೆಲ್ಲಗೆ.

ದಾಳದ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು, ನನಗೆ ಮುಖ್ಯ ಅನ್ನಿಸಿದ್ದು ಅದು. ಜಸ್ಟಿನ್ ಅಲೆಕ್ಸಾಂಡರ್ ಅನ್ನುವವರು 2008ರಲ್ಲಿ ಬರೆದ ಒಂದು ಸೂತ್ರ ಗೇಮ್ ಮಾಸ್ಟರ್‌ಗಳ ನಡುವೆ ಬಹಳ ಓಡಾಡುತ್ತೆ. ಆಟಗಾರರು ಒಂದು ತೀರ್ಮಾನಕ್ಕೆ ಬರಬೇಕು ಅಂತಿದ್ದರೆ ಅದಕ್ಕೆ ಕಡಿಮೆ ಅಂದ್ರೂ ಮೂರು ಸುಳಿವು ಇಡಿ ಅಂತ. ನಾನು ಒಂದೇ ಇಟ್ಟಿದ್ದೆ. ಕಳ್ಳಿಗೆ ಅದು ಸಿಗುವ ಸಾಧ್ಯತೆ ನೂರಕ್ಕೆ 55. ಅಷ್ಟೇ ಕಷ್ಟದ ಮೂರು ಸುಳಿವು ಇಟ್ಟು ಮೂರಕ್ಕೂ ದಾಳ ಹಾಕಿಸಿದರೂ, ಮೂರೂ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ ಸುಮಾರು 9 ಉಳಿಯುತ್ತೆ. ಹನ್ನೊಂದು ಸಲ ಆಡಿದರೆ ಒಂದು ಸಲ ಕಥೆ ಸತ್ತಹಾಗೆ. ಪತ್ತೇದಾರಿ ಆಟಗಳಿಗೆ ಅಂತಲೇ ರಾಬಿನ್ ಡಿ. ಲಾಸ್ ರೂಪಿಸಿದ ಗಮ್‌ಶೂ ನಿಯಮಗಳು ಇದಕ್ಕೆ ನೇರ ಉತ್ತರ ಕೊಡುತ್ತವೆ. ಸರಿಯಾದ ಕೌಶಲ ಇದ್ದವರು ಸರಿಯಾದ ಜಾಗ ನೋಡಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತೆ, ದಾಳದ ಮಾತಿಲ್ಲ. ಸುಳಿವು ಸಿಗೋದರಲ್ಲಿ ಏನು ಮಜಾ ಇದೆ ಹೇಳಿ? ಸಿಕ್ಕ ಸುಳಿವಿಗೆ ಅರ್ಥ ಹಚ್ಚೋದರಲ್ಲೇ ಮಜಾ ಇರೋದು. ಇದನ್ನು ನಾನು ಮೊದಲೇ ಓದಿದ್ದೆ. ಒಪ್ಪಿಕೊಂಡಿದ್ದೆ ಕೂಡ. ಆದರೂ ಅಭ್ಯಾಸಬಲದಿಂದ ಆ ಹೆಣದ ಪಕ್ಕ ದಾಳ ಕೇಳಿಬಿಟ್ಟೆ.

ಕಥೆಯಲ್ಲಿ ರಾತ್ರಿಯಾಯಿತು, ಅವರು ದ್ವೀಪದಲ್ಲೇ ಮಲಗಿದರು. ಆ ಹೊತ್ತಿಗೆ ಗುಮಾಸ್ತ ಸುಮ್ಮನೆ ಇರಲಿಲ್ಲ. ಹಾಳೆಯ ಮೂರನೇ ಸಾಲು ಅದೇ: ಕಾವಲುಗಾರನ ಪುಸ್ತಕ ಹುಡುಕಿ ಸುಡುತ್ತಾನೆ. ಬೆಳಗ್ಗೆ ಇವರು ವಾಪಸ್ ಬಂದಾಗ ದೀಪದ ಕೋಣೆ ಚೆಲ್ಲಾಪಿಲ್ಲಿ. ಪುಸ್ತಕ ಇಲ್ಲ. ಕಳ್ಳಿ ಬಾಗಿಲ ಬೀಗ ನೋಡಿದಳು. "ಒಡೆದಿಲ್ಲ, ಕಡ್ಡಿ ಹಾಕಿ ತೆಗೆದ ಗೀರೂ ಇಲ್ಲ" ಅಂದೆ. ಅವಳ ಮುಖದಲ್ಲಿ ಏನೋ ಮಿಂಚಿತು. ಏನೂ ಹೇಳಲಿಲ್ಲ.

ಆಗ ಪೂಜಾರಿ ಕೆಮ್ಮಿದ. "ಬೆಳಗ್ಗೆ ಎದ್ದಾಗ ಒಂದು ಮಂತ್ರ ಸಿದ್ಧಮಾಡಿಕೊಂಡಿದ್ದೇನೆ. ಹೆಣದ ಜೊತೆ ಮಾತಾಡ್ತೇನೆ."

ಹಿಂದಿನ ಸಲದ ಆಟದ ಕೊನೆಗೆ ಅವನು ಐದನೇ ಹಂತಕ್ಕೆ ಏರಿದ್ದ. ಆ ಹಂತದಲ್ಲಿ ಪೂಜಾರಿಗಳಿಗೆ ಈ ಮಂತ್ರ ಸಿಗುತ್ತೆ ಅನ್ನೋದು ನನಗೆ ಮರೆತೇಹೋಗಿತ್ತು. ಐದು ಪ್ರಶ್ನೆ ಕೇಳಬಹುದು. ಹೆಣಕ್ಕೆ ಬಾಯಿ ಇರಬೇಕು ಅಂತ ನಿಯಮ. ಬಿದ್ದ ರಭಸಕ್ಕೆ ದವಡೆ ಪುಡಿಯಾಗಿದೆ ಅಂದುಬಿಡು ಅಂತ ಒಳಗಿನಿಂದ ಒಂದು ದನಿ ಬಂತು. ಬಿರುಗಾಳಿ ನೆನಪಾಯಿತು, ಬಿಟ್ಟೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಬದುಕಿದ್ದಾಗ ಗೊತ್ತಿದ್ದಷ್ಟೇ ಹೆಣಕ್ಕೆ ಗೊತ್ತು. ಕಾವಲುಗಾರನನ್ನು ತಳ್ಳಿದ್ದು ಕತ್ತಲಲ್ಲಿ, ಹಿಂದಿನಿಂದ. ನಿಜ ಗಟ್ಟಿಯಾಗಿದ್ದರೆ ಮಂತ್ರಕ್ಕೆ ಹೆದರಬೇಕಿಲ್ಲ ಅನ್ನಿಸಿತು.

"ನಿನ್ನನ್ನು ಕೊಂದವರು ಯಾರು?" ಅಂತ ಪೂಜಾರಿ ಕೇಳಿದ.

"ನೋಡಲಿಲ್ಲ. ಕತ್ತಲು."

"ದೀಪ ಯಾಕೆ ಆರಿತು?"

"ಎಣ್ಣೆ ಮುಗಿಯಿತು."

"ಎಲ್ಲಿಗೆ ಹೊರಟಿದ್ದೆ?"

"ಮೇಲಿನವರಿಗೆ ಹೇಳೋಕೆ. ಲೆಕ್ಕ ತಪ್ಪಿದೆ ಅಂತ."

"ನೀನು ಹೊರಟಿದ್ದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಹೇಳಿರಲಿಲ್ಲ."

ಒಂದೇ ಪ್ರಶ್ನೆ ಉಳಿದಿತ್ತು. ನಾಲ್ವರೂ ತಲೆ ಕೂಡಿಸಿ ಐದು ನಿಮಿಷ ಪಿಸುಗುಟ್ಟಿದರು. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಐದು ನಿಮಿಷ ಅದು. ಯಾರ ಮೊಬೈಲೂ ಮೇಜಿನ ಮೇಲಿರಲಿಲ್ಲ. ಪೂಜಾರಿ ತಿರುಗಿ ಕೇಳಿದ.

"ಕೊನೆಗೆ ನಿನ್ನ ಕಿವಿಗೆ ಬಿದ್ದ ಸದ್ದು ಯಾವುದು?"

"ಬೀಗದ ಕೈಗಳು. ಗೊಂಚಲು."

ಕಳ್ಳಿ ಮೇಜು ಕುಟ್ಟಿದಳು. "ಗುಮಾಸ್ತ! ಮೊದಲನೇ ದಿನ ಬಾಗಿಲು ತೆಗೆದುಕೊಟ್ಟನಲ್ಲ, ಅವನು!" ನಾನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದವನು ಅವಳ ನೆನಪಲ್ಲಿ ಇದ್ದ. ಬೀಗ ಒಡೆಯದೆ ತೆಗೆದದ್ದನ್ನು ನೋಡಿದಾಗಿನಿಂದ ಆ ಕೈಗಳ ಗೊಂಚಲು ಅವಳ ತಲೆಯಲ್ಲಿ ಸುತ್ತುತ್ತಿತ್ತಂತೆ. ಕಚೇರಿಗೆ ಓಡಿದರು, 20 ಅಂತ ಬರೆದ ಪುಸ್ತಕ ಹಿಡಿದರು, ದೋಣಿಯವನನ್ನು ಸಾಕ್ಷಿಗೆ ಕರೆತಂದರು. ಅದೆಲ್ಲ ಅರ್ಧ ಗಂಟೆಯ ಕೆಲಸ.

ದಾಳಗಳನ್ನು ಚೀಲಕ್ಕೆ ತುಂಬುವಾಗ ಕಳ್ಳಿ ಪಾತ್ರ ಆಡಿದ ಗೆಳತಿ ಪಕ್ಕಕ್ಕೆ ಬಂದಳು. "ಒಂದು ಕೇಳ್ತೀನಿ, ನಿಜ ಹೇಳು. ದೋಣಿಯವನ ಕೈಗೆ ಬಟ್ಟೆ ಸುತ್ತಿದೆ ಅಂದಾಗ ಯಾಕೆ ಅಂತ ನಿಂಗೆ ಗೊತ್ತಿತ್ತಾ?"

"ಆಗ ಇಲ್ಲ. ವಿರಾಮದಲ್ಲಿ ಗೊತ್ತಾಯಿತು" ಅಂದೆ.

"ಕೊಲೆಗಾರ ಯಾರು ಅಂತ?"

"ಅದು ಮೊದಲಿಂದ ಗೊತ್ತಿತ್ತು." ಹಾಳೆಯ ಮುಂಬದಿ ತೋರಿಸಿದೆ. ಎರಡನೇ ಸಾಲಿನಲ್ಲಿ ಗುಮಾಸ್ತ ಅಂತ ಬರೆದದ್ದನ್ನು ಬೆರಳಿಟ್ಟು ಓದಿದಳು. ಆಮೇಲೆ ಒಂಬತ್ತೂ ದೃಶ್ಯಗಳನ್ನು ಒಂದೊಂದಾಗಿ ಓದುತ್ತಾ ನಿಂತಳು, ತಾವು ಹೋಗದೇ ಉಳಿದ ಜಾಗಗಳನ್ನೆಲ್ಲ.